ನೆಂಟಸ್ತನಕ್ಕೆ ಸೀಟಿ ಇಲ್ಲ

ನಮ್ಮ ದೊಡ್ಡಮ್ಮನ ಜೊತೆ ಸಿನಿಮಾಕ್ಕೆ ಹೋಗುವುದಾದರೆ ಮಾನ ಮರ್ಯಾದೆಯನ್ನು ಮನೆಯಲ್ಲೇ ಮಡಚಿಟ್ಟು ಹೋಗಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಮ್ಮನ ಮಾತಿನಲ್ಲಿ ಮುಕ್ಕಾಲು ಪಾಲು ಹೊಟ್ಟೆಕಿಚ್ಚು. ಒಂದೇ ತಾಯಿಯ ಮಕ್ಕಳಾದರೂ ಜೋರಾಗಿ ನಗುವುದು ಒಬ್ಬಳಿಗೆ ಮಾತ್ರ ಬಂತಲ್ಲ, ಅದಕ್ಕೆ. ನಾನಂತೂ ಬುದ್ಧಿ ಬಂದಾಗಿನಿಂದ ದೊಡ್ಡಮ್ಮನ ಪಕ್ಕದ ಸೀಟಿನವಳು. ಮರ್ಯಾದೆ ಹೋಗಿದ್ದರೆ ಹೋಗಲಿ, ನೋಡಿದ ಸಿನಿಮಾಗಳನ್ನೆಲ್ಲ ಪೂರ್ತಿಯಾಗಿ ನೋಡಿದ್ದೇನೆ. ಬಾಯಿ ಮುಚ್ಚಿಕೊಂಡು ನೋಡುವವರು ಅರ್ಧವನ್ನಷ್ಟೇ ನೋಡುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕಾದರೆ ಜಗಳಕ್ಕೆ ಬನ್ನಿ.

ದೊಡ್ಡಮ್ಮನಿಗೆ ಪಿಸುಗುಟ್ಟಲು ಬರುವುದಿಲ್ಲ. ಅದು ಅವಳ ಸೊಕ್ಕಲ್ಲ, ಅವಳ ಕಸುಬು. ಪೇಟೆ ಬೀದಿಯ ತುದಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಮದುವೆಯಾದ ಹೊಸದರಲ್ಲೇ ದೊಡ್ಡಪ್ಪನಿಗೆ ಧೂಳಿನಿಂದ ದಮ್ಮು ಹಿಡಿಯಿತು. ಅವರು ಬಾಗಿಲ ಹೊರಗೆ ತಕ್ಕಡಿ ಇಟ್ಟುಕೊಂಡು ಕುಳಿತರು, ಇವಳು ಒಳಗೆ ಮೋಟಾರಿನ ಪಕ್ಕ ನಿಂತಳು. ಅಂದಿನಿಂದ ಒಳಗಿನದೆಲ್ಲ ಇವಳದೇ ರಾಜ್ಯ. ಮೋಟಾರು ತಿರುಗುವಾಗ ಅಲ್ಲಿ ಮಾತು ಕೇಳಿಸಬೇಕೆಂದರೆ ಹೊಟ್ಟೆಯಿಂದ ಕೂಗಬೇಕು. ಕೂಗಿ ಕೂಗಿ ದೊಡ್ಡಮ್ಮನ ಗಂಟಲು ದೊಡ್ಡದಾಯಿತು, ಕಿವಿ ಸಣ್ಣದಾಯಿತು. ಗಿರಾಕಿಗಳು ಸುಸ್ತಾಗಿ ಕೈಸನ್ನೆ ಕಲಿತುಬಿಟ್ಟಿದ್ದಾರೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜಿದರೆ ನುಣ್ಣಗೆ ಬೀಸು ಎಂದರ್ಥ. ಐದೂ ಬೆರಳು ಕೂಡಿಸಿ ಅಲ್ಲಾಡಿಸಿದರೆ ತರಿ ಇರಲಿ ಎಂದು. ಸಿನಿಮಾ ಹೇಗಿತ್ತು ಎಂದು ಕೇಳಿದರೂ ದೊಡ್ಡಮ್ಮ ಹಿಟ್ಟು ಮೆತ್ತಿದ ಕೈಯೆತ್ತಿ ಇವೆರಡರಲ್ಲಿ ಒಂದನ್ನು ತೋರಿಸುತ್ತಾಳೆ. ಗಿರಣಿಯಲ್ಲಿ ತರಿಗೂ ಗಿರಾಕಿ ಇರುತ್ತಾರೆ, ಸಿನಿಮಾದಲ್ಲಿ ಅವಳಿಗೆ ತರಿ ಆಗಿಬರುವುದಿಲ್ಲ.

ಬೇಸಿಗೆ ರಜೆ ಬಂತೆಂದರೆ ದೊಡ್ಡ ದೊಡ್ಡ ಸಿನಿಮಾಗಳು ಸಾಲುಗಟ್ಟುತ್ತವೆ. ಎಲ್ಲದರಲ್ಲೂ ಒಂದೋ ಊರು ಬೀಳಬೇಕು, ಇಲ್ಲವೇ ಭೂಮಿ ಬಿರಿಯಬೇಕು. ದೊಡ್ಡಮ್ಮನಿಗೆ ಒಂದೂ ತಪ್ಪಬಾರದು. ಗಿರಣಿ ಬಂದ್ ಮಾಡಿ, ತಲೆಗೆ ಕಟ್ಟಿದ ಬಟ್ಟೆ ಕೊಡವಿ, ಹುಬ್ಬಿನ ಮೇಲಿನ ಹಿಟ್ಟು ಹಾಗೇ ಬಿಟ್ಟುಕೊಂಡು ಮೊದಲ ದಿನವೇ ಹೊರಡುತ್ತಾಳೆ. ತೆರೆಯ ಮೇಲೆ ನಗರಕ್ಕೆ ನಗರವೇ ಪುಡಿಯಾಗಿ ಕುಸಿಯುತ್ತದೆ, ಬೂದುಬಣ್ಣದ ಧೂಳಿನ ಮೋಡ ಏಳುತ್ತದೆ, ಅದರೊಳಗಿಂದ ಹೀರೋ ಎದೆಯೆತ್ತಿ ನಡೆದು ಬರುತ್ತಾನೆ. ಸಂಗೀತ ಏರುತ್ತದೆ, ಅವನು ದೇಶದ ಬಗ್ಗೆ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ನಮ್ಮ ದೊಡ್ಡಮ್ಮ:

"ಒಂದ್ಸಲ ಕೆಮ್ಮೋ ಮಹಾನುಭಾವ! ಅಷ್ಟು ಧೂಳು ಕುಡ್ದಿದೀಯ, ಭಾಷಣ ಆಮೇಲೆ, ಮೊದ್ಲು ಕೆಮ್ಮು!"

ಅಂದು ಚಿತ್ರಮಂದಿರ ಅರ್ಧ ನಿಮಿಷ ಹೀರೋನ ಮಾತು ಕೇಳಲಿಲ್ಲ, ನಕ್ಕಿತು. ನಕ್ಕವರಲ್ಲಿ ಟಾರ್ಚು ಹಿಡಿದ ಗೇಟಿನವನೂ ಇದ್ದ. ಪ್ರಪಂಚವನ್ನೇ ಸುಟ್ಟುಬಿಡುತ್ತೇನೆ ಎಂದು ಗುಡುಗಿದ ಖಳನಾಯಕನಿಗೆ, "ಸುಟ್ಟು ಎಲ್ಲಿ ಕೂತ್ಕೋತೀಯೋ?" ಎಂದು ಕೇಳಿದ್ದೂ ಇವಳೇ. ಇನ್ನೊಂದು ಬೇಸಿಗೆಯಲ್ಲಿ ಸಮುದ್ರದಿಂದ ಬೆಟ್ಟದಷ್ಟು ದೊಡ್ಡ ಮೃಗವೊಂದು ಎದ್ದುಬಂತು. ಜನವೆಲ್ಲ ಹೀರೋನ ಕಡೆ, ದೊಡ್ಡಮ್ಮ ಒಬ್ಬಳೇ ಮೃಗದ ಕಡೆ. "ಅದರ ಪಾಡಿಗೆ ಅದು ಮಲಗಿತ್ತಪ್ಪ, ಬಾಂಬ್ ಹಾಕಿ ಎಬ್ಬಿಸಿದ್ದು ಯಾರು?" ಎಂದು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿದಳು. ಕೊನೆಗೆ ಮೃಗ ಸತ್ತಾಗ ಜನ ಚಪ್ಪಾಳೆ ತಟ್ಟಿದರೆ ಇವಳು ಕರವಸ್ತ್ರ ತೆಗೆದು ಗೊಳೋ ಎಂದು ಅತ್ತಳು. ಮನೆಗೆ ಬಂದ ಮೇಲೂ ಹೀರೋನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು.

ಹೀರೋ ಸೇತುವೆಗೆ ಜೋತುಬಿದ್ದಿರುವಾಗಲೇ ಕಥೆ ಅರ್ಧಕ್ಕೆ ನಿಂತು "ಮುಂದಿನ ಭಾಗ ಮುಂದಿನ ಬೇಸಿಗೆಗೆ" ಎಂದು ತೆರೆಯ ಮೇಲೆ ಬಂದ ದಿನ ಮಾತ್ರ ಅವಳು ಅಳಲೂ ಇಲ್ಲ, ನಗಲೂ ಇಲ್ಲ. ನೇರ ಟಿಕೆಟ್ ಕಿಟಕಿಗೆ ಹೋದಳು.

"ಸ್ವಾಮಿ, ನನ್ನ ಗಿರಣಿಗೆ ನೀವು ಗೋಧಿ ತರ್ತೀರಿ. ನಾನು ಅರ್ಧ ಬೀಸಿ, ಉಳಿದಿದ್ದಕ್ಕೆ ಮುಂದಿನ ಬೇಸಿಗೆಗೆ ಬನ್ನಿ ಅಂತೀನಿ. ಸುಮ್ನೆ ಹೋಗ್ತೀರಾ?"

ಕಿಟಕಿಯವನು ತಲೆ ಕೆರೆದುಕೊಂಡು, "ಅದು ನಮ್ಮ ಕೈಲಿಲ್ಲಮ್ಮ" ಎಂದ.

"ಹಾಗಾದ್ರೆ ಯಾರ ಕೈಲಿದೆ, ಅವರ್ನ ಕರೀರಿ."

ಯಾರನ್ನೂ ಕರೆಯಲಿಲ್ಲ. ದೊಡ್ಡಮ್ಮ ಮುಂದಿನ ಬೇಸಿಗೆಯಲ್ಲಿ ಎರಡನೇ ಭಾಗಕ್ಕೆ ಹೋಗಲೂ ಇಲ್ಲ. ಹೀರೋ ಸೇತುವೆಗೆ ಜೋತುಬಿದ್ದಿದ್ದನಲ್ಲ, ಅವಳ ಮಟ್ಟಿಗೆ ಅವನು ಇವತ್ತಿಗೂ ಅಲ್ಲೇ ನೇತಾಡುತ್ತಿದ್ದಾನೆ. ಕೈ ನೋವು ಬರಲಿ ಎಂದೇ ಅವಳ ಆಸೆ.

ಸಿನಿಮಾದಷ್ಟೇ ಹುಚ್ಚು ಅವಳಿಗೆ ಸಂಗೀತ ನಾಟಕದ್ದು. ಊರಿನ ನಾಟಕ ಮಂದಿರಕ್ಕೆ ಹಾಡುಗಳಿರುವ ನಾಟಕ ಯಾವುದೇ ಬರಲಿ, ಮುಂದಿನ ಸಾಲುಗಳಲ್ಲಿ ದೊಡ್ಡಮ್ಮ. ಆದರೆ ಒಂದು ಎಡವಟ್ಟು. ಸಿನಿಮಾದಲ್ಲಿ ಮಾಡಬೇಕಾದ್ದನ್ನು ಅವಳು ನಾಟಕದಲ್ಲಿ ಮಾಡುತ್ತಿದ್ದಳು, ನಾಟಕದಲ್ಲಿ ಮಾಡಬೇಕಾದ್ದನ್ನು ಸಿನಿಮಾದಲ್ಲಿ. ಸಿನಿಮಾದ ಹಾಡು ಮುಗಿದ ಕೂಡಲೇ "ಒನ್ಸ್ ಮೋರ್!" ಎಂದು ತೆರೆಗೆ ಕೂಗುತ್ತಿದ್ದಳು, ಒಳಗೆ ಕುಳಿತವರು ಎದ್ದು ಬಂದು ಮತ್ತೆ ಹಾಡುತ್ತಾರೆ ಎಂಬಂತೆ. ನಾಟಕಕ್ಕೆ ಹೋದರೆ ಎರಡು ಬೆರಳು ನಾಲಗೆಯ ಕೆಳಗಿಟ್ಟು ಸೀಟಿ ಹೊಡೆಯುತ್ತಿದ್ದಳು. ಅವಳ ಸೀಟಿ ಅಂತಿಂಥದ್ದಲ್ಲ. ಬೀದಿಯ ಆ ತುದಿಯ ಗಿರಾಕಿಯನ್ನು ಈ ತುದಿಯಿಂದ ಕರೆಯಲು ರೂಢಿಸಿಕೊಂಡ ಸೀಟಿ. ಮುಚ್ಚಿದ ಮಂದಿರದಲ್ಲಿ ಅದು ಕಿವಿಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ.

ಒಮ್ಮೆ ಒಂದು ನಾಟಕದಲ್ಲಿ ನಾಯಕ ಪಕ್ಕೆಗೆ ಬಾಣ ನೆಟ್ಟುಕೊಂಡು ಉದ್ದದೊಂದು ಹಾಡು ಹಾಡಿ ಪ್ರಾಣ ಬಿಟ್ಟ. ಹಾಡು ನಿಜಕ್ಕೂ ಚೆನ್ನಾಗಿತ್ತು. ನಾಯಕಿ ಅವನ ಮೇಲೆ ಬಿದ್ದು ಬಿಕ್ಕುತ್ತಿದ್ದಾಗ ದೊಡ್ಡಮ್ಮನ ಸೀಟಿ ಬಿತ್ತು. ಸತ್ತವನ ಹೊಟ್ಟೆ ಮೊದಲು ಒಮ್ಮೆ ಅಲುಗಿತು, ಆಮೇಲೆ ತಡೆಯಲಾರದೆ ಕುಲುಕಿತು. ಬಿಕ್ಕುತ್ತಿದ್ದ ನಾಯಕಿಯ ಬಿಕ್ಕೂ ನಗೆಯಾಯಿತು. ದುಃಖದ ನಾಟಕ ಅಲ್ಲಿಗೆ ಮುಗಿಯಿತು. ಇದರಲ್ಲಿ ತಪ್ಪು ದೊಡ್ಡಮ್ಮನದೇ, ನಾನು ಅವಳ ಕಡೆಯವಳಾದರೂ ಇಲ್ಲ ಎನ್ನಲಾರೆ. ಮಂದಿರದವರು ಆಮೇಲೆ ಬಾಗಿಲಲ್ಲಿ ಒಂದು ಫಲಕ ಹಾಕಿದರು: ಚಪ್ಪಾಳೆ ಕೊನೆಯಲ್ಲಿ ಮಾತ್ರ, ಸೀಟಿ ಯಾವಾಗಲೂ ಕೂಡದು. ಅದನ್ನು ಓದಿದ ದೊಡ್ಡಮ್ಮ, "ನೋಡು, ಒಬ್ಬಳಿಗೋಸ್ಕರ ಬೋರ್ಡ್ ಬರೆಸಿದಾರೆ, ಎಷ್ಟು ಜನಕ್ಕೆ ಸಿಗುತ್ತೆ ಈ ಭಾಗ್ಯ!" ಎಂದು ಹೆಮ್ಮೆಪಟ್ಟಳು.

ಆದರೆ ಒಂದು ಮಾತು. ಅವಳು ಮೆಚ್ಚುಗೆಯ ಸೀಟಿಯನ್ನು ಕಂಡಕಂಡವರಿಗೆ ಚೆಲ್ಲಿದವಳಲ್ಲ. ನಾನು ಶಾಲೆಯಲ್ಲಿ ಹಾಡಿ ಬಹುಮಾನ ಪಡೆದ ದಿನ, ದೊಡ್ಡಮ್ಮ ಯಾಕೆ ಸೀಟಿ ಹೊಡೆಯಲಿಲ್ಲ ಎಂದು ಮುಖ ಊದಿಸಿಕೊಂಡಿದ್ದೆ. "ನೆಂಟಸ್ತನಕ್ಕೆ ಸೀಟಿ ಇಲ್ಲ ಕಣೇ. ಚೆನ್ನಾಗಿದ್ರೆ ಅದಾಗೇ ಬರುತ್ತೆ. ನಿನ್ನ ಹಾಡಿಗೆ ಬರ್ಲಿಲ್ಲ, ನಾನೇನ್ ಮಾಡ್ಲಿ?" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಆಮೇಲೆ ಹೊಸ ಬಟ್ಟೆ ಕೊಡಿಸಿದಳು. ಬಟ್ಟೆ ನೆಂಟಸ್ತನಕ್ಕೆ, ಸೀಟಿ ಹಾಡಿಗೆ. ಎರಡನ್ನೂ ಅವಳು ಬೆರೆಸಲಿಲ್ಲ. ದೊಡ್ಡಪ್ಪನಂತೂ, "ಮದ್ವೆಯಾದಾಗಿಂದ ಕಾಯ್ತಿದೀನಿ, ನನಗೂ ಒಂದೂ ಬಿದ್ದಿಲ್ಲ" ಎಂದು ತಕ್ಕಡಿಯ ಪಕ್ಕ ಕುಳಿತು ದೂರುತ್ತಿದ್ದರು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದು ನಮ್ಮ ಅಕ್ಕ. ದೊಡ್ಡಮ್ಮನ ಒಬ್ಬಳೇ ಮಗಳು, ನನಗೆ ಸ್ವಂತ ಅಕ್ಕನಂತೆಯೇ. ಅಕ್ಕನ ದನಿ ಎಳವೆಯಿಂದಲೂ ಚಂದ. ಸಂಗೀತ ಕಲಿತಳು, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದಳು, ಕೊನೆಗೆ ಊರಿನಲ್ಲಿ ಎಲ್ಲರೂ ತಲೆಬಾಗುವ ಒಂದು ನಾಟಕ ತಂಡಕ್ಕೆ ಸೇರಿದಳು. ಆ ತಂಡದ ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಶಿಸ್ತು ಅವರಿಗೆ ಪ್ರಾಣ. ಪಾತ್ರಧಾರಿಗಳು ಹಾಡುವಾಗ ನಿಂತಲ್ಲಿಂದ ಅಲುಗಬಾರದು, ಕಣ್ಣು ಮಂದಿರದ ಹಿಂಗೋಡೆಯ ಮೇಲಿರಬೇಕು, ಪ್ರೇಕ್ಷಕರು ಕೆಮ್ಮುವುದಿದ್ದರೆ ಹೊರಗೆ ಹೋಗಿ ಕೆಮ್ಮಬೇಕು. ತುಟಿಯ ಮೇಲೆ ಬೆರಳಿಟ್ಟು "ಶ್" ಎನ್ನುವುದು ಅವರ ಅಭ್ಯಾಸ. ದೊಡ್ಡಮ್ಮ ಅವರಿಗೆ "ಶ್ ಮಹಾರಾಯ" ಎಂದು ಹೆಸರಿಟ್ಟಳು. ಅಕ್ಕನಿಗೆ ಅದು ಸಿಟ್ಟು ತರಿಸಿತು.

ಅಕ್ಕನಿಗೆ ಇನ್ನೂ ಒಂದು ಅಳುಕಿತ್ತು. ತಂಡದವರ ಹತ್ತಿರ ಅವಳು, "ನಮ್ಮನೇಲಿ ಧಾನ್ಯದ ವ್ಯವಹಾರ" ಎಂದಷ್ಟೇ ಹೇಳಿದ್ದಳು. ಸುಳ್ಳಲ್ಲ, ನಿಜವೂ ಅಲ್ಲ. ಒಮ್ಮೆ ಗೆಳತಿಯರ ಜೊತೆ ಪೇಟೆಯಲ್ಲಿ ಹೋಗುತ್ತಿದ್ದಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ಸೀಟಿ ಹೊಡೆದು ಯಾರನ್ನೋ ಕರೆಯುತ್ತಿದ್ದುದನ್ನು ಕಂಡು ಅಕ್ಕ ಪಕ್ಕದ ಓಣಿಗೆ ತಿರುಗಿದಳಂತೆ. ಅವಳೇ ನನಗೆ ಹೇಳಿದ್ದು, ನಾಚಿಕೆಯಿಂದ. ಯಾವುದರ ನಾಚಿಕೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಹೊಸ ಸಂಗೀತ ನಾಟಕದಲ್ಲಿ ಅಕ್ಕನಿಗೆ ಮೊದಲ ಸಲ ಒಂದು ಇಡೀ ಹಾಡು ಸಿಕ್ಕಿತು. ಪಾತ್ರ ದೋಣಿ ನಡೆಸುವವಳದು. ಹೊಳೆ ಉಕ್ಕಿ ಹರಿಯುತ್ತಿದೆ, ರಾಜ ದಡಕ್ಕೆ ಬಂದು ಈಗಲೇ ದಾಟಿಸು ಎಂದು ಅಪ್ಪಣೆ ಮಾಡುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ. "ದೋಣಿ ನನ್ನದು, ಹುಟ್ಟು ನನ್ನದು, ಹೊಳೆ ಯಾರದೂ ಅಲ್ಲ" ಎಂದು ಪಲ್ಲವಿ. ಅಕ್ಕ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ದೊಡ್ಡಮ್ಮ ಬಾಗಿಲಿಗೆ ಕಿವಿ ಹಚ್ಚಿ ಕೇಳಿ, ಸಂತೋಷದಿಂದ ಒಳಗೇ ನುಗ್ಗಿದಳು.

"ಏನೇ, ನಮ್ಮ ಗಿರಣಿ ಮೇಲೆ ಹಾಡಾ? ಹಿಟ್ಟು ನನ್ನದು ಅಂತಿದೀಯ?"

"ಹಿಟ್ಟಲ್ಲಮ್ಮ! ಹುಟ್ಟು! ದೋಣಿ ಹುಟ್ಟು!"

"ಅದೇ ಅಂದ್ಕೊಂಡೆ, ದೋಣಿಯಲ್ಲಿ ಹಿಟ್ಟು ಯಾಕೆ ಒಯ್ತಾರೆ ಅಂತ. ನೆನೆಯಲ್ವಾ?"

ನಾನು ನಕ್ಕು ನೆಲಕ್ಕೆ ಕುಳಿತೆ. ದೊಡ್ಡಮ್ಮನೂ ನಕ್ಕಳು. ಅಕ್ಕ ನಗಲಿಲ್ಲ. ಎಷ್ಟು ದಿನದಿಂದ ತಡೆದಿಟ್ಟಿದ್ದಳೋ, ಅವತ್ತು ಹೊರಗೆ ಬಂತು.

"ಅಮ್ಮ, ಮೊದಲ್ನೇ ಆಟಕ್ಕೆ ನೀನು ಬರಬೇಡ."

ದೊಡ್ಡಮ್ಮನಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು.

"ಯಾಕೆ?"

"ನೀನು ಸೀಟಿ ಹೊಡೀತೀಯ. ನಾನು ಅಷ್ಟು ಜನರ ಮುಂದೆ... ಇಲ್ಲ, ಬಂದ್ರೂ ತುಟಿ ಪಿಟಕ್ ಅನ್ನಲ್ಲ ಅಂತ ಮಾತು ಕೊಡು. ನಿನ್ನ ಕಾಲಿಗೆ ಬೀಳ್ತೀನಿ."

"ಟಿಕೆಟ್ ತಗೊಂಡು ಬರ್ತೀನಿ," ಎಂದಳು ದೊಡ್ಡಮ್ಮ. "ನಿನ್ನ ಪಾಸು ಬೇಡ. ಚೆನ್ನಾಗಿದ್ರೆ ಸೀಟಿ ಬರುತ್ತೆ, ಇಲ್ದಿದ್ರೆ ಇಲ್ಲ. ಮಾತು ಗೀತು ಕೊಡಲ್ಲ. ಹೊಡೀಬೇಡ ಅಂದ್ರೆ ಸುಮ್ನಿರೋಕೆ, ಹೊಡಿ ಅಂದ್ರೆ ಹೊಡಿಯೋಕೆ ಅದೇನು ಗಿರಣಿ ಸ್ವಿಚ್ಚಾ?"

"ನನ್ನ ಮಾನ ಹೋಗುತ್ತಮ್ಮ!"

"ನನ್ನಿಂದ ಹೋಗೋ ಮಾನ ಆದ್ರೆ ಹೋಗ್ಲಿ ಬಿಡು, ಬೇರೆ ಗಟ್ಟಿ ಮಾನ ಮಾಡ್ಕೋ."

ಹೀಗೆಂದು ದೊಡ್ಡಮ್ಮ ಗಿರಣಿಗೆ ಹೋದಳು. ಅವತ್ತು ಯಾರದೋ ಅಕ್ಕಿಯನ್ನು ಗೋಧಿಯ ಮೇಲೆಯೇ ಸುರಿದುಬಿಟ್ಟಳಂತೆ, ಅವಳ ಕೈಯಲ್ಲಿ ಎಂದೂ ಆಗದ ಕೆಲಸ. ಗಿರಾಕಿಯ ಕೈಗೆ ಹೊಸ ಅಕ್ಕಿಯ ಹಿಟ್ಟು ಕೊಟ್ಟು ಕಳಿಸುವಾಗ ಅವಳ ಕಣ್ಣು ಕೆಂಪಗಿತ್ತು, ಧೂಳು ಎಂದಳು ಎಂದು ದೊಡ್ಡಪ್ಪ ನನಗೆ ಹೇಳಿದರು.

ಮೊದಲ ಆಟದ ಸಂಜೆ ನಾವು ಮೂವರೂ ಹೋದೆವು. ದೊಡ್ಡಮ್ಮ ತಲೆ ಬಾಚಿ, ಹುಬ್ಬಿನ ಹಿಟ್ಟು ಕೂಡ ತೊಳೆದುಕೊಂಡು ಬಂದಿದ್ದಳು. ಬಾಗಿಲಿನವನಿಗೆ ಅವಳ ಗುರುತು ಸಿಕ್ಕಿ, ಫಲಕದ ಕಡೆ ಕೈ ತೋರಿಸಿದ. "ಓದಿದೀನಪ್ಪ, ನನ್ನ ಮೇಲೇ ಬರ್ದಿರೋದು" ಎಂದು ಒಳಗೆ ನಡೆದಳು. ನಿರ್ದೇಶಕರು ರಂಗದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ದೊಡ್ಡಪ್ಪ ಕುಳಿತ ಕೂಡಲೇ ನಿದ್ದೆ ಮಾಡುವವರು, ಅವತ್ತು ಕಣ್ಣು ಮುಚ್ಚಲಿಲ್ಲ.

ನಡುವೆ ಬಿಡುವಾಗಿ ಮತ್ತೆ ಪರದೆ ಎದ್ದಾಗ ಅಕ್ಕ ದೋಣಿಯ ಮೇಲೆ ನಿಂತಿದ್ದಳು, ಕೈಯಲ್ಲಿ ಹುಟ್ಟು. ರಾಜ ಅಬ್ಬರಿಸಿದ. ಅಕ್ಕ ಹಾಡಿದಳು. ಒಂದು ಸ್ವರವೂ ಜಾರಲಿಲ್ಲ. ನನ್ನ ಕಣ್ಣು ಮಾತ್ರ ದೊಡ್ಡಮ್ಮನ ಕೈಯ ಮೇಲಿತ್ತು. ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು ಕಾಯುತ್ತಿದ್ದೆ. ಹಾಡು ಮುಗಿಯಿತು. ಕೈ ತೊಡೆಯ ಮೇಲೆಯೇ ಇತ್ತು. ನಾಟಕವೂ ಮುಗಿಯಿತು, ಫಲಕದಲ್ಲಿ ಬರೆದಂತೆ ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನೂ ತಟ್ಟಿದಳು, ಎಲ್ಲರಷ್ಟೇ.

ಅಕ್ಕ ಬಣ್ಣ ಕೂಡ ಅಳಿಸದೆ ಹಿಂದಿನ ಬಾಗಿಲಿನಿಂದ ಓಡಿಬಂದಳು. ಮುಖ ಅರಳಿತ್ತು. ಓಡಿಬಂದವಳು ಅಮ್ಮನನ್ನು ತಬ್ಬಿಕೊಂಡಳು.

"ಥ್ಯಾಂಕ್ಸ್ ಅಮ್ಮ. ನನಗೋಸ್ಕರ ಎಷ್ಟು ಕಷ್ಟಪಟ್ಟು ಸುಮ್ನೆ ಕೂತಿದ್ದೆ ಅಂತ ಗೊತ್ತು."

ಇಲ್ಲಿ ಹೂಂ ಎಂದುಬಿಟ್ಟಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು. ನಾನು ಹಿಂದಿನಿಂದ ದೊಡ್ಡಮ್ಮನ ಬೆನ್ನು ಚಿವುಟಿದೆ. ಅವಳು ಸೊಪ್ಪು ಹಾಕಲಿಲ್ಲ.

"ನಾನು ಕಷ್ಟಪಡ್ಲಿಲ್ಲ ಮಗಳೇ. ಸೀಟಿ ಬರ್ಲಿಲ್ಲ."

ಅಕ್ಕ ತಬ್ಬಿದ್ದ ಕೈ ಸಡಿಲಿಸಿದಳು. "ಅಂದ್ರೆ?"

"ನೀನು ಹಾಡ್ಲಿಲ್ಲ. ಒಪ್ಪಿಸಿದೆ. ಶಾಲೇಲಿ ಪಾಠ ಒಪ್ಪಿಸ್ತಾರಲ್ಲ, ಹಂಗೆ. ಒಂದೂ ತಪ್ಪಿಲ್ಲ, ನಿಜ. ಆದ್ರೆ ತಪ್ಪು ಹುಡುಕೋಕೆ ನಾನೇನು ಪರೀಕ್ಷೆ ತಗೊಳ್ಳೋಕೆ ಬಂದಿದ್ನಾ? ರಾಜ ಅಷ್ಟು ಅಬ್ಬರಿಸ್ತಿದಾನೆ, ಇವಳು ಗೋಡೆ ನೋಡ್ತಾ ನಿಂತಿದಾಳೆ. ಆ ಹುಟ್ಟು ನಿನ್ನದು ಅಂತ ನನಗೆ ಅನ್ನಿಸ್ಲೇ ಇಲ್ಲ. ಯಾರದೋ ಕಡ ತಂದಿದ್ದೀಯ, ಆಟ ಮುಗಿದ್ಮೇಲೆ ವಾಪಸ್ ಕೊಡ್ತೀಯ ಅನ್ನಿಸ್ತು."

ಅಕ್ಕನ ಮುಖದ ಬಣ್ಣದ ಮೇಲೆ ಕಣ್ಣೀರು ಎರಡು ಗೆರೆ ಎಳೆಯಿತು. ಅವಳು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಸೀಟಿ ಹೊಡೆಯಬೇಡ ಎಂದು ಕಾಲಿಗೆ ಬೀಳಲು ಬಂದಿದ್ದವಳು, "ಯಾವ್ಯಾವ ಮೃಗಕ್ಕೋ ಅಳ್ತೀಯ, ಯಾರ್ಯಾರಿಗೋ ಸೀಟಿ ಹೊಡೀತೀಯ! ಹೊಟ್ಟೇಲಿ ಹುಟ್ಟಿದೋಳಿಗೆ ಒಂದು ಹೊಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಕಿರುಚಿದಳು.

"ಸುಳ್ಳು ಸೀಟಿ ಹೊಡೆದ್ರೆ ನಿನಗೆ ಗೊತ್ತಾಗ್ತಿತ್ತು," ಎಂದಳು ದೊಡ್ಡಮ್ಮ. "ಆಮೇಲೆ ಸಾಯೋತನಕ ನನ್ನ ಒಂದು ಸೀಟೀನೂ ನೀನು ನಂಬ್ತಿರ್ಲಿಲ್ಲ."

ನನಗೂ ದೊಡ್ಡಮ್ಮನ ಮೇಲೆ ಕೆಟ್ಟ ಕೋಪ ಬಂದಿತ್ತು. ಇಷ್ಟು ನೆಟ್ಟಗಿರುವ ನಾಲಗೆ ಯಾರಿಗೆ ಬೇಕು ಎನಿಸಿತ್ತು. ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆ ತಲುಪಿದ ಮೇಲೆ ಊಟಕ್ಕೂ ಕೂರದೆ, "ನಾನು ಕೆಟ್ಟ ತಾಯೀನಾ?" ಎಂದು ದೊಡ್ಡಪ್ಪನನ್ನು ಕೇಳಿದಳು. ಅವರು ಯೋಚಿಸಿ, "ಒಳ್ಳೇ ಪ್ರೇಕ್ಷಕಿ" ಎಂದರು. ಅದು ಉತ್ತರವಲ್ಲ ಎಂದು ಮೂವರಿಗೂ ಗೊತ್ತಿತ್ತು.

ಅಕ್ಕ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಇಬ್ಬರೂ ಗೋಡೆ ಸವರಿಕೊಂಡು ಓಡಾಡಿದರು. ಆಟ ವಾರ ವಾರವೂ ನಡೆಯುತ್ತಿತ್ತು, ಪತ್ರಿಕೆಯವರು ಅಚ್ಚುಕಟ್ಟು ಎಂದು ಬರೆದರು, ನಿರ್ದೇಶಕರು ಅಕ್ಕನ ಬೆನ್ನು ತಟ್ಟಿದರು. ಆ ಹೊಗಳಿಕೆ ಅವಳಿಗೆ ಒಗ್ಗಲಿಲ್ಲ. ಒಂದು ಮಧ್ಯಾಹ್ನ ನಾನು ಗೋಧಿ ಬೀಸಿಸಲು ಗಿರಣಿಗೆ ಹೋದರೆ ಒಳಗೆ ಅಕ್ಕ ನಿಂತಿದ್ದಾಳೆ. ಎಷ್ಟೋ ವರ್ಷಗಳಿಂದ ಅವಳು ಅಲ್ಲಿ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಮೋಟಾರು ಕಿವಿ ಕಿತ್ತುಹೋಗುವಂತೆ ತಿರುಗುತ್ತಿತ್ತು. ಅಕ್ಕ ಕಾಳು ಸುರಿಯುವ ಡಬ್ಬಿಯ ಪಕ್ಕ ನಿಂತು ಬಾಯಿ ಅಗಲಿಸಿ, ಕುತ್ತಿಗೆಯ ನರ ಬಿಗಿದು ಹಾಡುತ್ತಿದ್ದಳು. ಒಂದಕ್ಷರವೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಹಾಡಿದರೆ ಅಮ್ಮನಿಗೆ ಕೇಳುತ್ತದೆ, ಇಲ್ಲಿಯಾದರೆ ಅಮ್ಮ ಎದುರಿಗಿದ್ದರೂ ಕೇಳುವುದಿಲ್ಲ ಎಂಬ ಲೆಕ್ಕ ಅವಳದು.

ದೊಡ್ಡಮ್ಮ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಹಿಡಿದು ಕೆಳಗೆ ಕುಳಿತಿದ್ದಳು. ತಲೆಯೆತ್ತಿ ಮಗಳ ಬಾಯಿಯನ್ನೇ ನೋಡಿದಳು. ನೋಡಿ ನೋಡಿ, ಐದೂ ಬೆರಳು ಕೂಡಿಸಿ ಅಲ್ಲಾಡಿಸಿದಳು. ತರಿ.

ಅಕ್ಕನ ಕಣ್ಣಲ್ಲಿ ಬೆಂಕಿ. ಕಾಲಿನಿಂದ ಖಾಲಿ ಡಬ್ಬವೊಂದನ್ನು ಒದ್ದಳು. ಅದರ ಸದ್ದೂ ಕೇಳಲಿಲ್ಲ. ಮತ್ತೆ ಹಾಡಿದಳು, ಈ ಸಲ ಅಮ್ಮನ ಮುಖಕ್ಕೇ. ನಾನು ಗೋಧಿಯ ಚೀಲ ಬಾಗಿಲಲ್ಲೇ ಇಟ್ಟು ಮೆಲ್ಲಗೆ ಹೊರಗೆ ಬಂದು ದೊಡ್ಡಪ್ಪನ ಪಕ್ಕ ಕುಳಿತೆ. ಆಮೇಲೆ ಒಳಗೆ ಏನಾಯಿತೋ ನನಗೆ ತಿಳಿಯದು. ಮಾತಂತೂ ಆಗಿರಲಾರದು. ಮೋಟಾರು ಬಹಳ ಹೊತ್ತು ನಿಲ್ಲಲಿಲ್ಲ.

ಕೊನೆಯ ಆಟದ ದಿನ ಬಂತು. ಅಕ್ಕ ಬೆಳಿಗ್ಗೆಯೇ ಮನೆ ಬಿಟ್ಟಿದ್ದಳು. ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ದೊಡ್ಡಮ್ಮ ಟಿಕೆಟ್ ಕೊಂಡೇ ಹೊರಟಳು. ಬಾಗಿಲಿನವನು ಮತ್ತೆ ಫಲಕ ತೋರಿಸಲು ಕೈಯೆತ್ತಿದ, ಅವಳ ಮುಖ ನೋಡಿ ಇಳಿಸಿದ. ಅವಳಿಗೆ ಹೆದರಿಕೆಯಾಗಿತ್ತು. ಜನ್ಮದಲ್ಲಿ ಮೊದಲ ಸಲ ದೊಡ್ಡಮ್ಮ ಹೆದರಿದ್ದನ್ನು ಕಂಡೆ. "ಇವತ್ತೂ ಬರ್ಲಿಲ್ಲ ಅಂದ್ರೆ?" ಎಂದು ನನ್ನ ಕೈ ಹಿಡಿದು ಕೇಳಿದಳು. ಪಿಸುಗುಟ್ಟಿದೆ ಎಂದು ಅವಳು ತಿಳಿದಿದ್ದಳು, ಹಿಂದಿನ ನಾಲ್ಕಾರು ಸಾಲಿಗೆ ಕೇಳಿಸಿತು.

ಹೊಳೆ ಉಕ್ಕಿತು, ರಾಜ ಬಂದ, ದಾಟಿಸು ಎಂದ. ಅಕ್ಕ ಸುಮ್ಮನೆ ನಿಂತಳು. ವಾದ್ಯದವರು ಶುರು ಮಾಡಿದ ಮೇಲೂ ಅವಳು ಹಾಡಲಿಲ್ಲ. ಮರೆತಳೇ ಎಂದುಕೊಂಡೆ. ಮರೆತಿರಲಿಲ್ಲ. ಅವಳು ಹಿಂಗೋಡೆಯಿಂದ ಕಣ್ಣು ಕಿತ್ತು ರಾಜನನ್ನು ನೋಡುತ್ತಿದ್ದಳು, ಅಡಿಯಿಂದ ಮುಡಿಯವರೆಗೆ, ನಿನ್ನಂಥವರನ್ನು ಎಷ್ಟು ಜನರನ್ನು ನೋಡಿಲ್ಲ ಎನ್ನುವ ಹಾಗೆ. ಆಮೇಲೆ ನಿಂತ ಜಾಗ ಬಿಟ್ಟು ದೋಣಿಯ ಮೂತಿಗೆ ಬಂದಳು. ರಂಗದ ಪಕ್ಕದಲ್ಲಿ ನಿರ್ದೇಶಕರ ಕೈ ಗಾಳಿಯಲ್ಲಿ ನಿಂತುಹೋಯಿತು. ಹುಟ್ಟನ್ನು ಹಲಗೆಯ ಮೇಲೆ ಧಡ್ ಎಂದು ಊರಿ ದನಿ ತೆಗೆದಳು. ಆ ದನಿ ಸಂಗೀತದ ಶಾಲೆಯಲ್ಲಿ ಕಲಿತದ್ದಲ್ಲ. ಮೋಟಾರಿನ ಮೇಲೆ ಹತ್ತಿ ಕೂರುವ ದನಿ ಅದು. "ದೋಣಿ ನನ್ನದು" ಎಂದಳು, ಸ್ವರ ಒಂದೆಳೆ ಒಡೆಯಿತು, ಅವಳು ಲೆಕ್ಕಿಸಲಿಲ್ಲ. "ಹುಟ್ಟು ನನ್ನದು" ಎಂದಳು. ಹುಟ್ಟು ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯೆಂದು ಅಷ್ಟು ಸಲ ಆ ಹಾಡು ಕೇಳಿದ್ದ ನನಗೆ ಹೊಳೆದದ್ದು ಆಗ.

ಪಲ್ಲವಿ ಇನ್ನೂ ಅರ್ಧದಲ್ಲಿತ್ತು. ಹೊಳೆ ಯಾರದೆಂದು ಅವಳು ಹೇಳುವ ಮೊದಲೇ ನನ್ನ ಪಕ್ಕದಲ್ಲಿ ಸೀಟಿ ಸಿಡಿಯಿತು. ದೊಡ್ಡಮ್ಮ ಕೈ ಎತ್ತಿದ್ದನ್ನು ನಾನು ನೋಡಿರಲೇ ಇಲ್ಲ. ಅವಳಿಗೂ ತಿಳಿದಿರಲಿಲ್ಲವೇನೋ, ಬಾಯಲ್ಲಿ ಬೆರಳಿದ್ದ ಹಾಗೇ ಗಾಬರಿಯಾಗಿ ನನ್ನನ್ನು ನೋಡಿದಳು. ವಾದ್ಯಗಳು ತಡವರಿಸಿ ನಿಂತವು. ರಾಜ ಕಿರೀಟ ಹಿಡಿದುಕೊಂಡ. ಮಂದಿರಕ್ಕೆ ಮಂದಿರವೇ ನಮ್ಮ ಸಾಲಿನ ಕಡೆ ತಿರುಗಿತು, ಬಾಗಿಲಿನವನು ಟಾರ್ಚು ಹಾಕಿಕೊಂಡು ಬಂದ, ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟುಕೊಂಡು ಮುಂದೆ ಬಂದರು.

ದೋಣಿಯ ಮೇಲಿಂದ ಅಕ್ಕ ಅವರಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅಷ್ಟು ಜನರ ಎದುರಿಗೆ, ತನ್ನ ತಂಡದ ಎದುರಿಗೆ, ನಮ್ಮ ಸಾಲಿಗೆ ಕೇಳುವಂತೆ ಜೋರಾಗಿ ಕೂಗಿದಳು:

"ತಾಳಮ್ಮಾ! ಇನ್ನೂ ಮುಗಿದಿಲ್ಲ!"

ಮಂದಿರ ಒಮ್ಮೆಗೇ ನಕ್ಕಿತು. ಅಕ್ಕ ನಗಲಿಲ್ಲ. ವಾದ್ಯದವರಿಗೆ ತಲೆಯಾಡಿಸಿ, ರಾಜನ ಕಡೆ ತಿರುಗಿ, ಮೊದಲಿನಿಂದ ಎತ್ತಿಕೊಂಡಳು. ನಮ್ಮ ಮುಂದಿನ ಸಾಲಿನಲ್ಲಿದ್ದ ಒಬ್ಬರು ಹೆಂಗಸು ಪೂರ್ತಿ ಹಿಂದಕ್ಕೆ ತಿರುಗಿ, "ಅವರು ನಿಮ್ಮ ಮಗಳಾ?" ಎಂದು ಕೇಳಿದರು.

"ಹೂಂ, ನನ್ನ ಮಗಳು," ಎಂದಳು ದೊಡ್ಡಮ್ಮ. "ಈಗ ಸ್ವಲ್ಪ ಬಾಯಿ ಮುಚ್ಕೊಂಡಿರಿ ತಾಯಿ, ಹಾಡ್ತಿದಾಳೆ."